ಹಗೇವಿನ ಬಾಯಲ್ಲಿ

ದೆವ್ವ ಭೂತಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದಷ್ಟೇ ಹೇಳಿದರೆ ಸಾಲದು, ಅಂಥ ಮಾತು ಆಡುವವರನ್ನು ಕಂಡರೆ ಸಿಟ್ಟು ಬರುತ್ತಿತ್ತು. ಅಣ್ಣಿಗೇರಿಯಲ್ಲಿ ನಾನು ಹುಡುಗಿಯಾಗಿದ್ದಾಗ ಸೋದರತ್ತೆ, "ಹೊತ್ತು ಮುಳುಗಿದ ಮ್ಯಾಲೆ ಆ ಹುಣಸಿಗಿಡದ ಬುಡಕ ಹೋಗಬ್ಯಾಡಲೇ" ಎಂದರೆ ಬೇಕೆಂದೇ ಅಲ್ಲಿ ಹೋಗಿ ಕೂತುಬರುತ್ತಿದ್ದೆ. ಮುಂದೆ ಕಾನೂನು ಓದಿ, ಪರೀಕ್ಷೆ ಕಟ್ಟಿ, ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿ ನೌಕರಿಗೆ ಸೇರಿದ ಮೇಲೆ ಈ ಸ್ವಭಾವ ಇನ್ನೂ ಬಲಿಯಿತು. ಕಟಕಟೆಯಲ್ಲಿ ನಿಂತ ಸಾಕ್ಷಿ 'ನನಗ ಹಂಗ ಅನಿಸ್ತರಿ' ಎಂದರೆ, 'ಅನಿಸಿದ್ದು ಬೇಡ, ಕಂಡದ್ದು ಹೇಳಿ' ಎಂದು ಗದರುವುದೇ ನಮ್ಮ ಹೊಟ್ಟೆಪಾಡು. ಅಂಥವಳು ಈಗ ನಿಮ್ಮ ಮುಂದೆ ಕೂತು ಅನಿಸಿದ್ದರ ಕಥೆ ಹೇಳಲು ಹೊರಟಿದ್ದೇನೆ. ನಗುವವರು ನಗಬಹುದು. ನಾನಾಗಿದ್ದರೂ ನಗುತ್ತಿದ್ದೆ.

ನವಲಗುಂದ, ಕುಂದಗೋಳ, ಕಲಘಟಗಿ ಕೋರ್ಟುಗಳಲ್ಲಿ ಸಣ್ಣಪುಟ್ಟ ಮೊಕದ್ದಮೆ ನಡೆಸುತ್ತ ನಡೆಸುತ್ತ ಧಾರವಾಡದ ಸೆಷನ್ಸ್ ಕೋರ್ಟಿಗೆ ಬಂದೆ. ಅಲ್ಲಿಂದ ಇಲಾಖೆಯ ಅಧಿಕಾರಿಯಾಗಿ, ಕಾರು ಕುರ್ಚಿ ಎಲ್ಲ ಕಂಡು, ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಈ ಕೆಲಸದಲ್ಲಿ ಕಂಡ ಹಿಂಸೆಗೆ ಲೆಕ್ಕವಿಲ್ಲ. ಹೊಲದ ಒಡ್ಡು ಒಂದು ಗೇಣು ಸರಿಸಿದ್ದಕ್ಕೆ ಒಡಹುಟ್ಟಿದವನ ತಲೆಯನ್ನು ಸಲಿಕೆಯಿಂದ ಎರಡು ಹೋಳು ಮಾಡಿದವನನ್ನು ನೋಡಿದ್ದೇನೆ. ಹೆಂಡತಿಯ ರುಂಡವನ್ನು ಗೊಬ್ಬರದ ಚೀಲದಲ್ಲಿ ತಂದು ಠಾಣೆಯ ಬೆಂಚಿನ ಮೇಲಿಟ್ಟು ಕುಡಿಯಲು ನೀರು ಕೇಳಿದವನನ್ನೂ ನೋಡಿದ್ದೇನೆ. ಅವನಿಗೆ ನೀರು ಕೊಟ್ಟ ಪೇದೆಯೇ ನಮ್ಮ ಮುಖ್ಯ ಸಾಕ್ಷಿಯಾಗಿದ್ದ. ರಕ್ತ ಒಣಗಿದ ಕುಡಗೋಲು, ಕೊಡಲಿಗಳು ಮೇಜಿನ ಮೇಲಿರುವಾಗ ಅದರ ಬಾಜೂಕ್ಕೇ ಡಬ್ಬಿ ಬಿಚ್ಚಿ ರೊಟ್ಟಿ ತಿಂದವಳು ನಾನು. ಮನಸ್ಸು ಮೆತ್ತಗಿತ್ತು, ಅದಕ್ಕೇ ಏನೋ ಕಂಡಿತು ಎಂದು ಯಾರೂ ಅನ್ನಬಾರದೆಂದು ಇಷ್ಟು ಹೇಳಿದೆ.

ಇಂಥ ಕಥೆಗಳೆಲ್ಲ ಸರಿರಾತ್ರಿಯಲ್ಲಿ ನಡೆಯುತ್ತವೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಪೊಲೀಸರ ಕಣ್ಣೆದುರಿಗೆ.

ಊರಿನ ಹೆಸರು ಹೇಳುವುದಿಲ್ಲ. ಶಲವಡಿಯ ಆಚೆ, ಕಣ್ಣು ಹಾಯುವಷ್ಟು ದೂರ ಎರೆಭೂಮಿ ಇರುವ ಕಡೆ ಎಂದಿಟ್ಟುಕೊಳ್ಳಿ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಅಲ್ಲಿ ಈರಪ್ಪ ಎಂಬವನ ಹೆಂಡತಿ ಸುನಂದಾ ತನ್ನ ಮನೆಯ ಹಿತ್ತಲಿನ ಹಗೇವಿನಲ್ಲಿ ಹೆಣವಾಗಿ ಸಿಕ್ಕಿದ್ದಳು. ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಎರಡಾಳು ಆಳ ತೋಡಿ, ಹೊಟ್ಟೆ ಅಗಲ ಮಾಡಿ, ಬಾಯಿಯನ್ನು ಮಾತ್ರ ಒಬ್ಬರು ನುಸುಳುವಷ್ಟು ಕಿರಿದಾಗಿ ಬಿಟ್ಟಿರುತ್ತಾರೆ. ಹಿಂದೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಈಗ ಬಹಳ ಮನೆಗಳಲ್ಲಿ ಅವನ್ನು ಮಣ್ಣು ಹಾಕಿ ಮುಚ್ಚಿದ್ದಾರೆ. ಈರಪ್ಪನ ಮನೆಯಲ್ಲಿ ಒಂದು ಉಳಿದಿತ್ತು.

ಈರಪ್ಪ ಹೇಳಿದ ಕಥೆ ಹೀಗಿತ್ತು. ಬಹಳ ದಿನದಿಂದ ಮುಚ್ಚಿದ್ದ ಹಗೇವನ್ನು ಬೆಳಿಗ್ಗೆ ತೆರೆದೆವು, ಹೆಂಡತಿ ಅವಸರ ಮಾಡಿ ಕೂಡಲೇ ಇಳಿದಳು, ಒಳಗಿನ ಝಳ ಬಡಿದು ಸತ್ತಳು. ಝಳ ಅಂದರೆ ಮುಚ್ಚಿದ ಹಗೇವಿನೊಳಗೆ ಕೂಡಿಕೊಳ್ಳುವ ಕೆಟ್ಟ ಗಾಳಿ. ಅದರಿಂದ ಜನ ಸತ್ತದ್ದು ಸುಳ್ಳಲ್ಲ. ಆದರೆ ಬಾಯಿ ತೆರೆದ ದಿನ ಹಗೇವಿಗೆ ಯಾರೂ ಇಳಿಯುವುದಿಲ್ಲವೆಂಬುದು ನಮ್ಮ ಕಡೆಯ ಮಗುವಿಗೂ ಗೊತ್ತು. ಒಂದು ದಿನ ಗಾಳಿಗೆ ಬಿಟ್ಟು, ಕಂದೀಲು ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಾರೆ. ಅದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ ಸುನಂದಾ ಇಳಿದಳೆಂದರೆ ಊರಿನಲ್ಲಿ ಯಾರೂ ನಂಬಲಿಲ್ಲ. ಅವಳ ತಲೆಯಲ್ಲಿ ಬಡಿಗೆಯ ಪೆಟ್ಟಿತ್ತು. ತಲೆಯ ಗಾಯ ಮತ್ತು ಉಸಿರು ಕಟ್ಟಿದ್ದು, ಎರಡೂ ಸೇರಿ ಸಾವು ಎಂದು ವೈದ್ಯರು ಬರೆದಿದ್ದರು.

ನಮಗೆ ಬಲವಾದ ಸಾಕ್ಷಿ ಅಂದರೆ ನೀಲವ್ವ. ಈಕೆ ಈರಪ್ಪನ ಅಣ್ಣನ ಹೆಂಡತಿ, ಸುನಂದಾಳಿಗೆ ನೆಗೆಣ್ಣಿ. ಗಂಡ ಲಾರಿ ಓಡಿಸುತ್ತ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವನು. ನೀಲವ್ವಳ ಸಣ್ಣ ಮಗಳನ್ನು ಬಿಟ್ಟರೆ ಮನೆಯಲ್ಲಿ ಇನ್ನೊಬ್ಬಳೆಂದರೆ ಕಿವಿ ಕೇಳದ ಮುದಿ ಅತ್ತೆ, ವಿಧವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡಹೆಂಡಿರ ಜಗಳವಾಯಿತು, ಮೈದುನ ಬಡಿಗೆಯಿಂದ ಅವಳ ತಲೆಗೆ ಹೊಡೆದು ಹಗೇವಿನ ಕಡೆ ಎಳೆದುಕೊಂಡು ಹೋದದ್ದನ್ನು ಅಡುಗೆಮನೆಯ ಬಾಗಿಲಿಂದ ನೋಡಿದೆ, ಹೆದರಿ ಒಳಗೆ ಚಿಲಕ ಹಾಕಿಕೊಂಡೆ ಎಂದು ನೀಲವ್ವ ಪೊಲೀಸರಿಗೆ ಹೇಳಿದ್ದಳು. ಕೊಲೆ ಪ್ರಕರಣಗಳಲ್ಲಿ ಮನೆಯವರೇ ಮನೆಯವರ ವಿರುದ್ಧ ಬಾಯಿ ಬಿಡುವುದು ಅಪರೂಪ. ನನಗೆ ಅವಳ ಮೇಲೆ ಗೌರವ ಹುಟ್ಟಿತ್ತು. ಅವಳು ಒಬ್ಬಳು ಕಟಕಟೆಯಲ್ಲಿ ಗಟ್ಟಿ ನಿಂತರೆ ಈರಪ್ಪನಿಗೆ ಜೀವಾವಧಿ ತಪ್ಪುತ್ತಿರಲಿಲ್ಲ.

ನನಗೊಂದು ಚಾಳಿ ಇತ್ತು. ದೊಡ್ಡ ಕೇಸು ನಡೆಸುವ ಮೊದಲು ಕೊಲೆಯಾದ ಜಾಗಕ್ಕೆ ನಾನೇ ಹೋಗಿ ನೋಡುತ್ತಿದ್ದೆ. ಕಾಗದದ ಮೇಲಿನ ನಕಾಶೆ ನೋಡಿ ವಾದ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಇದಕ್ಕೆ ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಿದ್ದರು. "ಮೇಡಂ ಹೆಣದ ಜಾಗಾದಾಗ ಮಲಗಿ ಎದ್ದು ಬಂದ್ರನ ಅವರಿಗೆ ವಾದ ಹೊಳಿತೈತ್ರಿ" ಎಂದು ಒಬ್ಬರು ಎಲ್ಲರೆದುರಿಗೆ ಅಂದಿದ್ದರು. ಇಲ್ಲಿಯೂ ಹಾಗೇ, ಸಾಕ್ಷಿಗಳ ವಿಚಾರಣೆ ಶುರುವಾಗುವ ವಾರದ ಮುಂಚೆ ಪಿಎಸ್‌ಐ ಮತ್ತು ಒಬ್ಬ ಹವಾಲ್ದಾರನನ್ನು ಕರೆದುಕೊಂಡು ಆ ಮನೆಗೆ ಹೋದೆ.

ಬಿಸಿಲು ಸುಡುತ್ತಿತ್ತು. ನೀಲವ್ವ ತಂಬಿಗೆಯಲ್ಲಿ ನೀರು, ಬೆಲ್ಲ ತಂದಿಟ್ಟಳು. ಮೂವತ್ತರೊಳಗಿನ ವಯಸ್ಸು, ಬಡಕಲು ಮೈ, ತಲೆ ಎತ್ತದ ಮುಖ. ಹಿತ್ತಲಿನಲ್ಲಿ ಹಗೇವಿನ ಬಾಯಿ ತೆರೆದೇ ಇತ್ತು. ಪೊಲೀಸರು ಹೆಣ ತೆಗೆದ ಮೇಲೆ ಅದನ್ನು ಯಾರೂ ಮುಚ್ಚಿರಲಿಲ್ಲ. ಆದರೂ ಹವಾಲ್ದಾರ ಕಂದೀಲು ಇಳಿಸಿ ನೋಡಿ, ಕಬ್ಬಿಣದ ಏಣಿ ಬಿಟ್ಟ. ಪಿಎಸ್‌ಐ ಹೊಟ್ಟೆ ಆ ಬಾಯಿಯಲ್ಲಿ ಹಿಡಿಯುವಂತಿರಲಿಲ್ಲ. "ನೀವs ಇಳೀರಿ ಮೇಡಂ, ನಾವು ಮ್ಯಾಲೆ ಅದೇವಿ" ಎಂದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಬೈಲಿನ ಬೆಳಕು ಹಿಡಿದು ಇಳಿದೆ.

ಒಳಗೆ ತಂಪಾಗಿತ್ತು. ಹಳೆಯ ಜೋಳದ ವಾಸನೆ ಇನ್ನೂ ಇತ್ತು. ಗೋಡೆಯಲ್ಲಿ ಹತ್ತಿ ಇಳಿಯಲು ಕಾಲಿಡುವಷ್ಟು ಕಚ್ಚುಗಳನ್ನು ಕಡಿದಿದ್ದರು. ಆ ಕಚ್ಚುಗಳ ಸುತ್ತ ಉಗುರಿನಿಂದ ಕೆರೆದ ಗೀರುಗಳಿದ್ದವು. ಪಂಚನಾಮೆಯಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ. ಅಂದರೆ ಸುನಂದಾ ಒಳಗೆ ಬಿದ್ದ ಮೇಲೂ ಜೀವಂತವಿದ್ದಳು, ಹತ್ತಲು ನೋಡಿದ್ದಾಳೆ. ಪಂಚನಾಮೆ ಬರೆದವನನ್ನು ಮನಸ್ಸಿನಲ್ಲೇ ಬೈದುಕೊಂಡು, ಮೊಬೈಲನ್ನು ಕುಪ್ಪಸದೊಳಗೆ ಸಿಕ್ಕಿಸಿ, ಏಣಿ ಹತ್ತತೊಡಗಿದೆ.

ಬಾಯಿಯ ಹತ್ತಿರ ಬರುವಾಗ ಬೆಳಕು ಕಡಿಮೆಯಾಯಿತು. ಮೇಲೆ ಯಾರೋ ಅಡ್ಡ ನಿಂತಿದ್ದಾರೆ ಅಂದುಕೊಂಡು, "ಸರೀರಿ ಸ್ವಲ್ಪ, ಬೆಳಕು ಬರಲಿ" ಎಂದೆ. ಎರಡೂ ಕೈಯನ್ನು ಬಾಯಿಕಲ್ಲಿನ ಅಂಚಿಗೆ ಹಾಕಿದೆ. ಆಗ ಒಂದು ಕೈ ನನ್ನ ಎಡಗೈಯ ಮಣಿಕಟ್ಟು ಹಿಡಿಯಿತು. ಬಿಸಿಯಾದ, ಬೆವರಿದ ಕೈ. ಜೋರಾಗಿ ಮೇಲಕ್ಕೆ ಜಗ್ಗಿತು. ಹವಾಲ್ದಾರ ಸಹಾಯ ಮಾಡುತ್ತಿದ್ದಾನೆ ಅಂದುಕೊಂಡೆ. 'ಇಷ್ಟು ಜೋರು ಯಾಕೆ ಜಗ್ಗುತ್ತಾನೆ' ಎಂದು ಸಿಟ್ಟೂ ಬಂತು. ಎದೆಯವರೆಗೆ ಮೇಲೆ ಬಂದಿದ್ದೆನೋ ಏನೋ, ಆ ಕೈ ಒಮ್ಮೆಲೇ ಬಿಟ್ಟಿತು. ನಾನು ಜಾರಿ ಮತ್ತೆ ಬೆರಳುಗಳ ಮೇಲೆ ಜೋತುಬಿದ್ದೆ.

ಆಮೇಲೆ ಬೆರಳುಗಳ ಮೇಲೆ ಕಾಲು ಬಿತ್ತು.

ಬರಿಗಾಲಿನ ಹಿಮ್ಮಡಿ. ಕಲ್ಲಿನ ಅಂಚಿಗೂ ಹಿಮ್ಮಡಿಗೂ ನಡುವೆ ಬೆರಳೆಲುಬು ಕಟಕ್ಕೆಂದದ್ದು ಕೇಳಿಸಿತು. ನಾನು ಚೀರಿದೆ. ಕಾಲು ಎದ್ದು ಮತ್ತೆ ಬಿತ್ತು. ಈ ಸಲ ಮುಂಗಾಲು. ಅದರ ಜೊತೆ ಒಂದು ಗಟ್ಟಿ ಅಂಚು ಉಗುರಿನೊಳಗೆ ಇಳಿಯಿತು. ಅದು ಕಾಲುಂಗುರವೆಂದು ಅಂಥ ನೋವಿನಲ್ಲೂ ತಿಳಿಯಿತು. ಹುಟ್ಟಿದಾಗಿನಿಂದ ಅವ್ವನ, ಅತ್ತೆಯ, ಅಕ್ಕಂದಿರ ಕಾಲು ಒತ್ತಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೆ ಮತ್ತೆ ತುಳಿಯಿತು. ಹುಳ ಹೊಸಕುವ ಹಾಗೆ ಹೊರಳಿಸಿ ತುಳಿಯಿತು. ಮೇಲೆ ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಹೆಂಗಸಿನ ಅಳು. ತುಳಿಯುವವಳೇ ಅಳುತ್ತಿದ್ದಳು. ನಾನು ಕೈಬಿಟ್ಟೆ. ಏಣಿಯ ಮೆಟ್ಟಿಲುಗಳಿಗೆ ಮೊಣಕಾಲು, ಗದ್ದ ಬಡಿದುಕೊಳ್ಳುತ್ತ ಜಾರಿ, ತೋಳು ಸಿಕ್ಕಿಸಿಕೊಂಡು ಅರ್ಧದಲ್ಲಿ ನಿಂತೆ.

ತಲೆ ಎತ್ತಿದಾಗ ಹಗೇವಿನ ಬಾಯಲ್ಲಿ ಬಿಳಿ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಓಡಿ ಬರುವ ಬೂಟಿನ ಸಪ್ಪಳ ಕೇಳಿಸಿತು. ಪಿಎಸ್‌ಐ ಮತ್ತು ಹವಾಲ್ದಾರ ಅಷ್ಟು ಹೊತ್ತು ಹಿತ್ತಲಿನ ಆ ತುದಿಗೆ ಬೇವಿನ ನೆರಳಲ್ಲಿ ನಿಂತು ಚಹಾ ಕುಡಿಯುತ್ತಿದ್ದರಂತೆ. ಚಹಾದ ಕಪ್ಪುಗಳು ಆ ಗಿಡದ ಬುಡದಲ್ಲೇ ಇದ್ದವು. ಹಗೇವಿನ ಹತ್ತಿರ ಯಾರೂ ಇರಲಿಲ್ಲ. ಇದ್ದರೆ ಅವರಿಬ್ಬರ ಕಣ್ಣಿಗೆ ಬೀಳಲೇಬೇಕು, ಅದು ಬಯಲು ಹಿತ್ತಲು.

ಮೇಲೆ ಎತ್ತಿ ಕೂರಿಸಿದರು. ಎಡಗೈಯ ನಡುಬೆರಳು, ಉಂಗುರಬೆರಳು ಬಾತು ಕಪ್ಪಾಗಿದ್ದವು. ಉಗುರುಗಳು ಸೀಳಿ ರಕ್ತ ತೊಟ್ಟಿಕ್ಕುತ್ತಿತ್ತು. "ಏಣಿ ಜಾರಿ ಕಲ್ಲಿನ ಸಂದ್ಯಾಗ ಬೆರಳು ಸಿಗಿಬಿದ್ದಾವ ನೋಡ್ರಿ. ನಾ ಮದ್ಲs ಹೇಳಿದ್ನಿ, ಏಣಿ ಹಿಡಕೊಂಡು ನಿಂದ್ರು ಅಂತ" ಎಂದು ಪಿಎಸ್‌ಐ ಹವಾಲ್ದಾರನನ್ನು ಬೈಯತೊಡಗಿದರು.

ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ನನ್ನ ಬೆರಳು ನೋಡುತ್ತ ನಿಂತವಳು ಹಾಗೇ ಗೋಡೆ ಹಿಡಿದು ಕೆಳಗೆ ಕುಸಿದಳು. ನನ್ನ ಕಣ್ಣು ತಾನಾಗಿ ಅವಳ ಕಾಲಿನ ಕಡೆ ಹೋಯಿತು. ಕಾಲ್ಬೆರಳು ಬರಿದಾಗಿತ್ತು. ಉಂಗುರವಿದ್ದ ಜಾಗದಲ್ಲಿ ಬಿಳಿಯ ಪಟ್ಟಿ ಮಾತ್ರ ಉಳಿದಿತ್ತು. ಗಂಡ ಬದುಕಿರುವ ಹೆಣ್ಣುಮಗಳು, ಕೊರಳಲ್ಲಿ ತಾಳಿ ಇದೆ, ಕೈತುಂಬ ಬಳೆ ಇವೆ, ಕಾಲುಂಗುರ ಇಲ್ಲ. ನಮ್ಮ ಕಡೆ ಹೆರಿಗೆಯ ಹೊತ್ತಿನಲ್ಲೂ ಅದನ್ನು ತೆಗೆಯುವುದಿಲ್ಲ. ವಿಧವೆಯಾದ ಅತ್ತೆಯ ಕಾಲಿನಲ್ಲಿ ಅದು ಇರುವ ಮಾತೇ ಇಲ್ಲ. ಆ ಮನೆಯಲ್ಲಿ ಇನ್ನಾವ ಹೆಂಗಸೂ ಇರಲಿಲ್ಲ.

ಧಾರವಾಡಕ್ಕೆ ಬಂದು ಬೆರಳಿಗೆ ಪಟ್ಟಿ ಹಾಕಿಸಿಕೊಂಡು ಕೇಸಿನ ಕಾಗದ ಬಿಚ್ಚಿದೆ. ಮರಣೋತ್ತರ ಪರೀಕ್ಷೆಯಲ್ಲಿ ಎರಡೂ ಕೈಗಳ ಬೆರಳು ಜಜ್ಜಿದ ವಿಷಯವಿತ್ತು. ಬೀಳುವಾಗ ಆಗಿರಬಹುದೆಂದು ಬರೆದು ಬಿಟ್ಟಿದ್ದರು. ನಾನೂ ಅದನ್ನು ಹಿಂದೆ ಓದಿದ್ದೆ. ಈಗ ವೈದ್ಯರಿಗೆ ಫೋನು ಮಾಡಿ, ಕಲ್ಲಿನ ಮೇಲೆ ಬೆರಳಿದ್ದಾಗ ಕಾಲಿನಿಂದ ತುಳಿದರೆ ಹೀಗಾಗಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ತಡೆದು, "ಆಗಬಹುದು ಮೇಡಂ. ಬಿದ್ದು ಆಗೂದಕ್ಕಿಂತ ಹಂಗ ಆಗೂ ಸಂಭವನs ಹೆಚ್ಚು" ಎಂದರು.

ಈಗ ನನ್ನ ಪಾಡು ಕೇಳಿ. ಸುಮ್ಮನಿದ್ದರೆ ಕೇಸು ಗೆದ್ದಂತೆಯೇ. ನೀಲವ್ವ ಬಂದು ಕಲಿತ ಮಾತು ಹೇಳುತ್ತಾಳೆ, ಈರಪ್ಪ ಒಳಗೆ ಹೋಗುತ್ತಾನೆ, ಅವನು ಹೋಗಬೇಕಾದವನೇ. ಬಾಯಿ ತೆರೆದರೆ ನನ್ನ ಕೇಸಿನ ಬೆನ್ನೆಲುಬನ್ನು ನಾನೇ ಮುರಿದಂತೆ. ಆದರೆ ನ್ಯಾಯಾಧೀಶರ ಮುಂದೆ ನಿಂತು, ಈಕೆ ಕಂಡದ್ದನ್ನು ಕಂಡಹಾಗೆ ಹೇಳುತ್ತಿದ್ದಾಳೆ ಎಂದು ಹೇಳುವವಳು ನಾನು. ಸುಳ್ಳೆಂದು ಗೊತ್ತಿದ್ದೂ ಹೇಳುವುದು ನನ್ನಿಂದಾಗದು. ಗೊತ್ತಾದದ್ದಾದರೂ ಹೇಗೆ? ಅದನ್ನು ನೆನೆದರೆ ತಲೆ ಕೆಟ್ಟುಹೋಗುತ್ತಿತ್ತು.

ಸಾಕ್ಷಿಯ ಹಿಂದಿನ ದಿನ ನೀಲವ್ವ ನಮ್ಮ ಆಫೀಸಿಗೆ ಬಂದಳು. ಮಹಿಳಾ ಪೇದೆಯೊಬ್ಬಳನ್ನು ಬಾಗಿಲ ಹತ್ತಿರ ಕೂರಿಸಿಕೊಂಡು, ಬೇರೆ ಯಾವ ಪೀಠಿಕೆಯನ್ನೂ ಹಾಕದೆ ಕೇಳಿದೆ.

"ನೀಲವ್ವ, ನಿನ್ನ ಕಾಲುಂಗುರ ಎಲ್ಲದಾವ?"

ಅವಳು ಪಟ್ಟಿ ಕಟ್ಟಿದ ನನ್ನ ಕೈ ನೋಡಿದಳು. ಆಮೇಲೆ ಅಳದೆ, ದನಿ ಎತ್ತದೆ ಹೇಳತೊಡಗಿದಳು.

"ಕಾಲುವಿಗಿ ಒಗದು ಬಂದ್ನಿರಿ. ಎಡಗಾಲಿಂದು ಸೊಟ್ಟ ಆಗಿತ್ತು. ಎಷ್ಟು ತಿಕ್ಕಿದರೂ ಅದರ ಸಂದ್ಯಾಗಿನ ರಗತ ಹೋಗಲಿಲ್ಲ. ಆಕಿ ಸತ್ತಾಳಂತ ತಿಳದು ಅಂವ ಹಗೇವಿಗಿ ದಬ್ಬಿದ. ಕಲ್ಲು ಮುಚ್ಚಾಕ ಹ್ವಾದ್ರ ಎರಡು ಕೈ ಮ್ಯಾಲೆ ಬಂದ್ವು ನೋಡ್ರಿ. ನಾ ಓಡಿಹೋಗಿ ಕೈ ಹಿಡದ್ನಿ. ಜಗ್ಗಿದ್ನಿರಿ ಬಾಯಾರ. ಎದಿಮಟ ಬಂದಿದ್ದಳು. ಇಷ್ಟs ಉಳದಿತ್ತು. ಅಂವ ಒಳಗ ಹೋಗಿ ಮಲಗಿದ್ದ ನನ್ನ ಮಗಳನ್ನ ಎತ್ತಿಕೊಂಡು ಬಂದು ಕೂಸಿನ ಕುತಗಿಗಿ ಕುಡಗೋಲು ಹಿಡದ. ಬಿಡು ಅಂದ. ಬಿಟ್ನಿ. ತುಳಿ ಅಂದ. ಆಗೂದಿಲ್ಲ ಅಂದ್ನಿ. ಕುಡಗೋಲು ಒತ್ತಿದ, ಕೂಸು ಚೀರಿತು, ರಗತ ಬಂತು. ತುಳದ್ನಿರಿ. ಬೀಳೂತನಾ ತುಳದ್ನಿ."

ಬಾಗಿಲ ಹತ್ತಿರ ಕೂತ ಪೇದೆ ಎದ್ದು ನಿಂತಿದ್ದಳು. ನನ್ನ ಎಡಗೈಯ ಮಣಿಕಟ್ಟನ್ನು ನಾನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದೆನೆಂದು ಆಮೇಲೆ ತಿಳಿಯಿತು. ಕೈ ಹಿಡಿದು ಜಗ್ಗಿದ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

ಆಗ ಇನ್ನೂ ಹಳೆಯ ಕಾಯ್ದೆಗಳೇ ಇದ್ದವು. ಜೀವ ತೆಗೆಯುತ್ತೇನೆಂದು ಯಾರಾದರೂ ಹೆದರಿಸಿ ಮಾಡಿಸಿದ ಬಹುತೇಕ ಅಪರಾಧಗಳಿಗೆ ಕಾಯ್ದೆ ಕ್ಷಮೆ ಕೊಡುತ್ತದೆ, ಕೊಲೆಗೆ ಮಾತ್ರ ಕೊಡುವುದಿಲ್ಲ. ಅದರಲ್ಲೂ ಬೆದರಿಕೆ ಸ್ವಂತ ಜೀವಕ್ಕೇ ಇರಬೇಕು. ಮಗಳ ಕುತ್ತಿಗೆಯ ಮೇಲಿನ ಕುಡಗೋಲು ಆ ಲೆಕ್ಕಕ್ಕೇ ಬರುವುದಿಲ್ಲ. ಈ ಮಾತು ಬರೆದವರು ಯಾವ ತಾಯಿಯನ್ನೂ ಕೇಳಿ ಬರೆದಿರಲಿಕ್ಕಿಲ್ಲ. ನೀಲವ್ವಳಿಗೆ ಉಳಿದದ್ದು ಒಂದೇ ದಾರಿ, ಮಾಫಿ ಸಾಕ್ಷಿಯಾಗುವುದು. ನಡೆದದ್ದನ್ನೆಲ್ಲ ಒಂದಕ್ಷರ ಮುಚ್ಚಿಡದೆ ಕೋರ್ಟಿನಲ್ಲಿ ಹೇಳಿದರೆ ಅವಳ ಪಾಲಿನ ತಪ್ಪಿಗೆ ಶಿಕ್ಷೆ ಇಲ್ಲ. ಆದರೆ ಮಾಫಿ ಸಾಕ್ಷಿಯಾದವರು ತೀರ್ಪು ಬರುವವರೆಗೆ ಜೈಲಿನಲ್ಲಿರಬೇಕು. ಒಂದು ಮಾತು ತಪ್ಪಿದರೆ ಕೊಲೆಯ ಆರೋಪ ತಲೆಯ ಮೇಲೆ ಬರುತ್ತದೆ. ಇಷ್ಟನ್ನೂ ಬಿಡಿಸಿ ಹೇಳಿದೆ. ಸರ್ಕಾರಿ ವಕೀಲೆಯ ಮಾತನ್ನೇ ನೆಚ್ಚಿಕೊಳ್ಳಬೇಡ, ನಿನ್ನ ಪರವಾಗಿ ಬೇರೆ ವಕೀಲರನ್ನು ಇಟ್ಟುಕೊ ಎಂದೂ ಹೇಳಿ, ಉಚಿತವಾಗಿ ಒಬ್ಬರನ್ನು ಕೊಡಿಸಿದೆ. ನೀಲವ್ವ ಮಗಳನ್ನು ದೇವಿಕೊಪ್ಪದ ತವರಿಗೆ ಕಳಿಸಿ ಜೈಲಿಗೆ ಹೋದಳು.

ಅವಳ ಸಾಕ್ಷಿಯ ದಿನ ನಡೆದದ್ದನ್ನು ಧಾರವಾಡದ ಹಳೆಯ ವಕೀಲರು ಈಗಲೂ ನೆನೆಸುತ್ತಾರೆ. 'ತುಳಿ ಅಂದ' ಎಂಬ ಮಾತು ಬಂದದ್ದೇ ತಡ, ಈರಪ್ಪ ಆರೋಪಿಯ ಕಟ್ಟೆ ಹಾರಿ ಬಂದು ನೀಲವ್ವಳ ಜಡೆ ಹಿಡಿದು ಮುಖವನ್ನು ಕಟಕಟೆಯ ಕಟ್ಟಿಗೆಗೆ ಜಜ್ಜಿದ. "ನಿನ್ನೂ ಅದರಾಗs ಹಾಕಬೇಕಿತ್ತಲೇ" ಎಂದು ಕೂಗಿದ. ಪೊಲೀಸರು ನಾಲ್ಕು ಜನ ಬಿದ್ದು ಬಿಡಿಸುವಷ್ಟರಲ್ಲಿ ಅವಳ ಎರಡು ಹಲ್ಲು ಉದುರಿದ್ದವು. ನ್ಯಾಯಾಧೀಶರು ಮುಂದಕ್ಕೆ ಹಾಕುತ್ತೇನೆ ಎಂದರೂ ಅವಳು ಕೇಳಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, ಪೂರ್ತಿ ಹೇಳಿ ಮುಗಿಸಿದಳು. ಎದುರು ವಕೀಲರು ದಿನವಿಡೀ ಅವಳನ್ನು ಹಿಂಡಿದರು. ಒಂದು ಮಾತೂ ಅಲ್ಲಾಡಲಿಲ್ಲ. ಈರಪ್ಪನಿಗೆ ಜೀವಾವಧಿಯಾಯಿತು.

ಮೇಲಿನ ಆಫೀಸಿನಿಂದ ನನಗೊಂದು ಕಾಗದ ಬಂತು. ತನಿಖಾಧಿಕಾರಿಗೇ ಬಾರದ ಸಂಶಯ ತಮಗೆ ಹೇಗೆ ಬಂತು, ಗಟ್ಟಿಯಾದ ಸಾಕ್ಷಿಯನ್ನು ಅಪಾಯಕ್ಕೆ ಒಡ್ಡಿದ್ದೇಕೆ, ವಿವರಣೆ ಕೊಡಿ ಎಂದು. ವೈದ್ಯಕೀಯ ವರದಿಯಲ್ಲಿನ ಬೆರಳಿನ ಗಾಯಗಳನ್ನು ಆಧರಿಸಿ ಎಂದು ಬರೆದು ಕಳಿಸಿದೆ. ಆ ಉತ್ತರ ಅವರಿಗೆ ಬಹಳ ಮೆಚ್ಚಿಗೆಯಾಯಿತು. ನನಗೆ ಬಡ್ತಿ ಸಿಕ್ಕಿದ್ದು ಆ ಕೇಸಿನ ಹೆಸರಿನಿಂದಲೇ ಎಂದು ಜನ ಹೇಳುತ್ತಾರೆ. ತರಬೇತಿಯಲ್ಲಿ ಹೊಸ ಅಭಿಯೋಜಕರಿಗೆ ವರದಿಯನ್ನು ಹೇಗೆ ಓದಬೇಕೆಂದು ನನ್ನನ್ನೇ ಉದಾಹರಣೆ ಕೊಡುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ನೀವು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ವರದಿಯನ್ನು ಓದಿದ್ದು ತಲೆಯ ಯಾವುದೋ ಮೂಲೆಯಲ್ಲಿತ್ತು. ನೀರು ಕೊಡಲು ಬಂದಾಗ ಅವಳ ಬರಿಗಾಲು ಕಣ್ಣಿಗೆ ಬಿದ್ದಿರಬಹುದು. ಗೋಡೆಯ ಗೀರುಗಳನ್ನು ಕಂಡು ಮನಸ್ಸು ಕಲಕಿತ್ತು. ಏಣಿ ಜಾರಿ ಬೆರಳು ಸಿಕ್ಕಿಕೊಂಡಿತು, ಆ ನೋವಿನ ಕ್ಷಣದಲ್ಲಿ ಮನಸ್ಸು ಇವನ್ನೆಲ್ಲ ಹೊಲಿದು ಒಂದು ನಾಟಕ ಆಡಿತು. ಎದುರು ವಕೀಲೆಯಾಗಿದ್ದರೆ ನಾನು ಹೀಗೆಯೇ ವಾದಿಸುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಮಣಿಕಟ್ಟು ಹಿಡಿದ ಆ ಕೈಯ ಹತ್ತಿರ ಬಂದಾಗ ಮಾತ್ರ ನನ್ನ ವಾದ ನಿಂತುಹೋಗುತ್ತದೆ. ಅದನ್ನು ಯಾವ ಕಾಗದದಲ್ಲೂ ಯಾರೂ ಬರೆದಿರಲಿಲ್ಲ.

ಬಿಡುಗಡೆಯಾದ ದಿನ ನೀಲವ್ವ ನೇರ ನನ್ನ ಆಫೀಸಿಗೆ ಬಂದಳು. ಮಧ್ಯಾಹ್ನದ ಊಟದ ಬಿಡುವು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಜೈಲಿನಲ್ಲಿ ಇನ್ನಷ್ಟು ಬಡಕಲಾಗಿದ್ದಳು. ಕೂತುಕೊ ಎಂದರೆ ಕೂರಲಿಲ್ಲ.

"ಬಸ್ಸಿಗಿ ಹೊತ್ತಾಗ್ತೈತ್ರಿ. ಒಂದು ಮಾತು ಕೇಳಿ ಹೋಗ್ತೀನಿ. ಅವತ್ತು ಹಗೇವಿನ್ಯಾಗ ಆಕಿ ನಿಮಗ ಸಿಕ್ಕಿದ್ದಳು. ನನಗ ಗೊತ್ತೈತಿ. ನಿಮ್ಮ ಬೆರಳು ನೋಡಿದಾಗs ತಿಳೀತು."

ನಾನು ಎಡಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ.

"ಮಾಫಿ ಕೊಟ್ಟವರು ನೀವು, ಸಾಹೇಬರು. ಆಕಿ ಕೊಟ್ಟಿಲ್ಲ. ನನ್ನ ಮ್ಯಾಲೆ ಆಕಿ ಸಿಟ್ಟು ಹೆಂಗಿತ್ರಿ? ನೀವು ಹೊಕ್ಕು ಬಂದವರು. ಹೇಳ್ರಿ."

ಎಷ್ಟೋ ಸಾಕ್ಷಿಗಳಿಗೆ ಕಂಡದ್ದು ಮಾತ್ರ ಹೇಳು ಎಂದು ಗದರಿದವಳು ನಾನು. ಈಗ ನನ್ನ ಸರದಿ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕೈ ಹಿಡಿದದ್ದು, ಬಿಟ್ಟದ್ದು, ಕಾಲು, ಉಂಗುರ, ನೋವು, ಮೇಲಿನಿಂದ ಬಂದ ಅಳು. ಸಿಟ್ಟು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ಬಗ್ಗೆ ಕನಿಕರವಿತ್ತು, ಆದರೂ ನಾನು ಹೇಳಿದ್ದು ಕನಿಕರದ ಮಾತಲ್ಲ.

"ಸಿಟ್ಟು ಇರಲಿಲ್ಲ ನೀಲವ್ವ" ಎಂದೆ. "ನೀನು ಅಳೂದು ಕೇಳಸ್ತು. ಅಷ್ಟs. ಸಿಟ್ಟು ಇರಲಿಲ್ಲ."

ಅವಳ ಮುಖ ಅರಳಬಹುದೆಂದು ಕಾದಿದ್ದೆ. ಅದು ಇದ್ದಕ್ಕಿದ್ದಂತೆ ಬೂದಿಬಣ್ಣಕ್ಕೆ ತಿರುಗಿತು. ಮುರಿದ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡಳು.

"ಹಂಗಾರ ಅದು ಆಕಿ ಅಲ್ರಿ."

"ಯಾಕ?"

"ಕಲ್ಲು ಮುಚ್ಚಿದ ಮ್ಯಾಲೂ ಆಕಿ ಬೈಯಾಕತ್ತಿದ್ದಳು. ನನ್ನ ಹೆಸರು ಹಿಡದು, ನನ್ನ ಕೂಸಿನ ಹೆಸರು ಹಿಡದು. ನಾ ಅಡಗಿಮನ್ಯಾಗ ಕಿವಿಗಿ ಅರಿವಿ ತುರಕೊಂಡು ಬಿದ್ದಿದ್ನಿ, ಆದ್ರೂ ಕೇಳತಿತ್ತು. ಬೆಳ್ಳಗ ಬೆಳಕು ಹರೀತು, ಆಮ್ಯಾಲೆ ದನಿ ನಿಂತಿತು. ಇದನ್ನ ಕೋರ್ಟಿನ್ಯಾಗ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ಸಿಟ್ಟಿಲ್ಲದs ಸತ್ತಾಕಿ ಅಲ್ಲರಿ ಆಕಿ. ನಿಮಗ ಸಿಕ್ಕಿದ್ದು ಯಾರೋ ಏನೋ."

ಅಷ್ಟು ಹೇಳಿ ನಮಸ್ಕಾರ ಮಾಡಿ ಹೊರಟಳು. ನಾನು ಬಾಗಿಲವರೆಗೆ ಹೋದೆ. ಆ ಹಗೇವಿನಲ್ಲಿ ನಾನು ಒಂದೇ ಒಂದು ಬೈಗುಳವನ್ನೂ ಕೇಳಿರಲಿಲ್ಲ. ನನಗೆ ಕೇಳಿಸಿದ್ದು ಮೇಲಿನವಳ ಅಳು ಮಾತ್ರ. ಹಾಗಾದರೆ ನನ್ನ ಮೈಮೇಲೆ ಬಂದು ಹೋದದ್ದು ಕೆಳಗೆ ಸತ್ತವಳ ನೆನಪೋ, ಹಿತ್ತಲಿನಾಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ ಬದುಕಿದವಳದೋ? ಬದುಕಿದವಳ ಕಾಲಿನ ನೆನಪು ನನ್ನ ಬೆರಳನ್ನು ಮುರಿಯುವುದು ಹೇಗೆ? ಇಷ್ಟು ವರ್ಷವಾಯಿತು, ಯಾವ ಕಡೆಯಿಂದ ವಾದ ಹೂಡಿದರೂ ನನಗೆ ತೀರ್ಪು ಸಿಕ್ಕಿಲ್ಲ.

ಅವತ್ತು ಬಾಗಿಲಿಂದ ತಿರುಗಿ ಬಂದು ಕಿಟಕಿಯಿಂದ ನೋಡಿದೆ. ನೀಲವ್ವ ಕೋರ್ಟಿನ ಆವರಣ ದಾಟಿ ರಸ್ತೆಗೆ ಇಳಿಯುತ್ತಿದ್ದಳು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು.